ನಾಲೆಯ ಮೇಲೆ ದೋಣಿಮನೆ, ಮನೆಯೊಳಗೆ ನಾಯಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಇಂಗ್ಲೆಂಡಿನ ನಾಲೆಗಳಲ್ಲಿ ನ್ಯಾರೋಬೋಟ್ ಎಂಬ ಉದ್ದನೆಯ, ಕಿರಿದಾದ ದೋಣಿಯನ್ನೇ ಮನೆ ಮಾಡಿಕೊಂಡಿರುವ ನನ್ನ ಮಗಳು, ಅಳಿಯ ಮತ್ತು ಅವರ ನಾಯಿ ಚಿನ್ನಿಯ ವಿಷಯವನ್ನು ಈ ಅಂಕಣದಲ್ಲಿ ಹಿಂದೊಮ್ಮೆ ಪ್ರಸ್ತಾಪಿಸಿದ್ದೆ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಪಶುವೈದ್ಯನಾಗಿದ್ದು ನಿವೃತ್ತನಾದ ನನಗೆ ಸಾಮಾನ್ಯವಾಗಿ ಬರುವುದು ಹಸುವಿನ ಕೆಚ್ಚಲು ಬಾವು, ನಾಯಿಯ ಕಜ್ಜಿ ಇಂಥವುಗಳ ಪ್ರಶ್ನೆಗಳು. ಈ ಸಲದ ಪತ್ರಗಳಲ್ಲಿ ಹೆಚ್ಚಿನವು ದೋಣಿಯ ಬಗೆಗೇ ಇದ್ದುದರಿಂದ ಇಡೀ ಅಂಕಣವನ್ನು ಅವುಗಳಿಗೆ ಮೀಸಲಿಟ್ಟಿದ್ದೇನೆ. ವರ್ಷದಲ್ಲಿ ಕೆಲಕಾಲ ಆ ದೋಣಿಯಲ್ಲಿ ಇದ್ದುಬರುವವನಾದ ಕಾರಣ ಕಂಡದ್ದನ್ನೂ ಸೇರಿಸಿ ಬರೆಯುತ್ತೇನೆ.

ಪ್ರಶ್ನೆ: ನನ್ನ ಮಗ, ಸೊಸೆ ಬರ್ಮಿಂಗ್‌ಹ್ಯಾಮಿನಲ್ಲಿದ್ದಾರೆ. ಮನೆ ಬಾಡಿಗೆ ಹೆಚ್ಚಾಯಿತೆಂದು, ಸಾಕಿದ ಲ್ಯಾಬ್ರಡಾರ್ ನಾಯಿಯ ಸಮೇತ ದೋಣಿಯಲ್ಲಿ ವಾಸಿಸಲು ಹೊರಟಿದ್ದಾರೆ. ನೀರಿನ ಮೇಲೆ ಸಂಸಾರ ಮಾಡಲಾದೀತೇ? ದಿನಚರಿ ಹೇಗಿರುತ್ತದೆ? ಇದನ್ನು ಕೇಳಿದಂದಿನಿಂದ ನನಗೆ ನಿದ್ದೆ ಬರುತ್ತಿಲ್ಲ.
— ಗೃಹಿಣಿ, ಸಕಲೇಶಪುರ

ಉತ್ತರ: ತಾಯಿ, ಮೊದಲಿಗೆ ನೀರಿನ ಭಯವನ್ನು ಸ್ವಲ್ಪ ಕಡಿಮೆ ಮಾಡಿಕೊಳ್ಳಿ. ಅಲ್ಲಿಯ ನಾಲೆ ಮುಂಗಾರಿನಲ್ಲಿ ನಿಮ್ಮೂರಿನ ಪಕ್ಕ ಹರಿಯುವ ಹೇಮಾವತಿಯಲ್ಲ. ಅದು ಹೆಚ್ಚುಕಡಿಮೆ ನಿಂತ ನೀರು. ಬಹಳಷ್ಟು ಕಡೆ ನಡುನಾಲೆಯಲ್ಲಿಯೂ ಆಳ ನಾಲ್ಕೈದು ಅಡಿಯಷ್ಟೇ. ದೋಣಿ ಉಕ್ಕಿನದು, ಹದಿನೈದು ಟನ್ನಿನ ಆಸುಪಾಸು ತೂಗುತ್ತದೆ. ವೇಗದ ಮಿತಿ ಗಂಟೆಗೆ 4 ಮೈಲಿ, ಅಂದರೆ ಬೀಸಾಗಿ ನಡೆಯುವವರ ವೇಗ. ಬರ್ಮಿಂಗ್‌ಹ್ಯಾಮ್ ಅಂತೂ ನಾಲೆಗಳ ಊರೇ ಆಗಿದ್ದು, ಪೇಟೆಯ ನಡುವೆಯೇ ದೋಣಿಗಳು ಸಾಲಾಗಿ ನಿಂತಿರುತ್ತವೆ. ಅವುಗಳಲ್ಲಿ ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಮರಳುವ ಸಾಮಾನ್ಯ ಸಂಸಾರಸ್ಥರೂ ಇರುತ್ತಾರೆ.

ಕಷ್ಟವಿರುವುದು ಇಕ್ಕಟ್ಟಿನದು. ದೋಣಿ 57 ಅಡಿ ಉದ್ದವಿರಲಿ, 70 ಅಡಿ ಇರಲಿ, ಅಗಲ ಮಾತ್ರ 6 ಅಡಿ 10 ಅಂಗುಲ. ಇದರ ಕಾರಣ ಹದಿನೆಂಟನೆಯ ಶತಮಾನದಲ್ಲಿದೆ. ವರ್ಸ್ಲಿಯ ಗಣಿಯ ಕಲ್ಲಿದ್ದಲನ್ನು ಮ್ಯಾಂಚೆಸ್ಟರಿಗೆ ಸಾಗಿಸಲು 1761ರಲ್ಲಿ ಬ್ರಿಡ್ಜ್‌ವಾಟರ್ ನಾಲೆ ತೆರೆದ ಮೇಲೆ, ಅದರಲ್ಲಿ ಕೆಲಸ ಮಾಡಿದ್ದ ಎಂಜಿನಿಯರ್ ಜೇಮ್ಸ್ ಬ್ರಿಂಡ್ಲಿ ಮುಂದಿನ ನಾಲೆಗಳಲ್ಲಿ ದೋಣಿಯನ್ನು ಏರಿಸಿ ಇಳಿಸುವ ಲಾಕುಗಳನ್ನು ಸುಮಾರು ಏಳಡಿ ಅಗಲಕ್ಕೆ ಮಿತಿಗೊಳಿಸಿದ. ಕುದುರೆಗಳು ದಂಡೆಯ ಮೇಲೆ ನಡೆಯುತ್ತ ಸರಕಿನ ದೋಣಿಗಳನ್ನು ಎಳೆಯುತ್ತಿದ್ದ ಕಾಲ ಮುಗಿದರೂ ಲಾಕುಗಳು ಹಾಗೆಯೇ ಉಳಿದಿವೆ. ಹೀಗಾಗಿ ನಿಮ್ಮ ಮಗ, ಸೊಸೆ ಮಲಗುವ ಕೋಣೆಯ ಅಗಲವನ್ನು ಇಂದಿಗೂ ಆ ಬ್ರಿಂಡ್ಲಿಯೇ ನಿರ್ಧರಿಸುತ್ತಿದ್ದಾನೆ ಎನ್ನಬೇಕು. ಗೋಡೆಯ ದಪ್ಪ ಕಳೆದರೆ ಒಳಗೆ ದಕ್ಕುವುದು ಸುಮಾರು ಆರಡಿ. ಲ್ಯಾಬ್ರಡಾರ್ ನಾಯಿ ನಡುವೆ ಕಾಲು ಚಾಚಿ ಮಲಗಿತೆಂದರೆ ಒಲೆಯ ಬಳಿಯಿಂದ ಹಾಸಿಗೆಯ ಬಳಿಗೆ ಹೋಗುವವರೆಲ್ಲ ಅದನ್ನು ದಾಟಿಯೇ ಹೋಗಬೇಕು.

ದಿನಚರಿಯ ವಿಷಯಕ್ಕೆ ಬಂದರೆ, ನಾಯಿಯಿರುವ ದೋಣಿಯಲ್ಲಿ ಬೆಳಗು ನಾಯಿಯದು. ಅಂಗಳವಿಲ್ಲದ ಮನೆಯಾದ್ದರಿಂದ ಬಾಗಿಲು ತೆರೆದು ಹೊರಗೆ ಬಿಟ್ಟು ಕೈತೊಳೆದುಕೊಳ್ಳುವಂತಿಲ್ಲ. ಮಳೆಯಿರಲಿ, ಹಿಮವಿರಲಿ, ಒಬ್ಬರು ಅದರ ಕೊರಳಪಟ್ಟಿಗೆ ಹಗ್ಗ ಸಿಕ್ಕಿಸಿ ದಂಡೆಯ ಕಾಲುದಾರಿಗೆ ಇಳಿಯಲೇಬೇಕು. ಅಷ್ಟರಲ್ಲಿ ಇನ್ನೊಬ್ಬರು ಕಬ್ಬಿಣದ ಒಲೆಯ ಬೂದಿ ತೆಗೆದು ಕಲ್ಲಿದ್ದಲು ಹಾಕಿ, ಬ್ಯಾಟರಿಯಲ್ಲಿ ಎಷ್ಟು ವಿದ್ಯುತ್ ಉಳಿದಿದೆಯೆಂದು ನೋಡುತ್ತಾರೆ. ಬೇಸಿಗೆಯಲ್ಲಿ ಚಾವಣಿಯ ಮೇಲಿನ ಸೋಲಾರ್ ಫಲಕಗಳು ಬಹುಮಟ್ಟಿಗೆ ಸಾಲುತ್ತವೆ. ಡಿಸೆಂಬರಿನಲ್ಲಿ ಎಂಜಿನ್ ಓಡಿಸದೆ ಗತಿಯಿಲ್ಲ, ಅದನ್ನೂ ದಂಡೆಗೆ ಕಟ್ಟಿ ನಿಂತಿರುವಾಗ ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ ಓಡಿಸಬಾರದೆಂಬ ನಿಯಮವಿದೆ. ಕುಡಿಯುವ ನೀರನ್ನು ನಾಲೆಯುದ್ದಕ್ಕೂ ಅಲ್ಲಲ್ಲಿ ಇರುವ ನಲ್ಲಿಗಳಲ್ಲಿ ಪೈಪು ಹಾಕಿ ಟ್ಯಾಂಕಿಗೆ ತುಂಬಿಕೊಳ್ಳಬೇಕು. ಸ್ನಾನ, ಅಡುಗೆ, ಪಾತ್ರೆ, ಕೆಸರು ಮೆತ್ತಿಕೊಂಡು ಬಂದ ನಾಯಿಯ ನಾಲ್ಕು ಕಾಲು ಎಲ್ಲಕ್ಕೂ ಇರುವುದು ಆ ಒಂದೇ ಟ್ಯಾಂಕ್. ಮನೆಯೊಳಗೆ ಬರುವ ಪ್ರತಿಯೊಂದನ್ನೂ ಕೈಯಾರೆ ಹೊತ್ತು ತರಬೇಕು, ಹೊರಗೆ ಹೋಗಬೇಕಾದ ಪ್ರತಿಯೊಂದನ್ನೂ ಕೈಯಾರೆ ಹೊತ್ತು ಸಾಗಿಸಬೇಕು ಎಂಬುದನ್ನು ಒಪ್ಪಿಕೊಂಡವರಿಗೆ ಮಾತ್ರ ಈ ಬಾಳು ಒಗ್ಗುತ್ತದೆ.

ಮಲೆನಾಡಿನ ಆಷಾಢದಲ್ಲಿ ಬಟ್ಟೆ ಒಣಗಿಸುವ ಪಾಡನ್ನು ನಿಮಗೆ ವಿವರಿಸಬೇಕಾಗಿಲ್ಲ. ಚಳಿಗಾಲದ ದೋಣಿಯಲ್ಲಿ ಒದ್ದೆ ನಾಯಿಯನ್ನು ಒಣಗಿಸುವುದೂ ಅದೇ ಪಾಡು. ಉಸಿರಿನ, ಅಡುಗೆಯ ಹಬೆಯ ಮತ್ತು ನಾಯಿಯ ಮೈಯ ತೇವವೆಲ್ಲ ಕಿಟಕಿಯ ಗಾಜಿನ ಮೇಲೆ ನೀರಾಗಿ ಇಳಿಯುತ್ತದೆ. ಹಾಗೆಂದು ಗಾಳಿಕಿಂಡಿಗಳನ್ನು ಮುಚ್ಚುವುದು ಪ್ರಾಣಕ್ಕೆ ಅಪಾಯ. ಒಲೆಯಿಂದ ಹೊಮ್ಮುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ; ಅದನ್ನು ಗುರುತಿಸಿ ಕೂಗುವ ಅಲಾರಂ ದೋಣಿಯಲ್ಲಿ ಇದೆಯೇ, ಅದು ಕೆಲಸ ಮಾಡುತ್ತಿದೆಯೇ ಎಂದು ಮಗನನ್ನು ತಪ್ಪದೆ ಕೇಳಿ.

ಬಾಡಿಗೆ ಉಳಿಯುತ್ತದೆಂಬ ಅವರ ಲೆಕ್ಕ ಅರ್ಧ ಮಾತ್ರ ಸರಿ. ಇಂಗ್ಲೆಂಡ್ ಮತ್ತು ವೇಲ್ಸಿನ ಸುಮಾರು 2,000 ಮೈಲಿ ಜಲಮಾರ್ಗಗಳನ್ನು 2012ರಿಂದ ನೋಡಿಕೊಳ್ಳುತ್ತಿರುವ ಕೆನಾಲ್ ಅಂಡ್ ರಿವರ್ ಟ್ರಸ್ಟ್ ಎಂಬ ಸಂಸ್ಥೆಗೆ ಲೈಸೆನ್ಸ್ ಶುಲ್ಕ ಕಟ್ಟಬೇಕು. ಜೊತೆಗೆ ವಿಮೆ, ನಾಲ್ಕು ವರ್ಷಕ್ಕೊಮ್ಮೆ ಸುರಕ್ಷತಾ ತಪಾಸಣೆ, ಎರಡು ಮೂರು ವರ್ಷಕ್ಕೊಮ್ಮೆ ದೋಣಿಯನ್ನು ನೀರಿನಿಂದ ಮೇಲೆತ್ತಿ ತಳಕ್ಕೆ ಕಪ್ಪು ಬಣ್ಣ ಬಳಿಸುವ ಖರ್ಚು, ಡೀಸೆಲ್, ಕಲ್ಲಿದ್ದಲು, ಗ್ಯಾಸು ಎಲ್ಲವೂ ಇವೆ. ಒಂದೇ ಕಡೆ ನಿಲ್ಲುವ ಜಾಗ ಬೇಕೆಂದರೆ ಅದಕ್ಕೆ ಪ್ರತ್ಯೇಕ ಬಾಡಿಗೆ. ಅಂಥ ಜಾಗವಿಲ್ಲದವರು 1995ರ ಕಾಯಿದೆಯಂತೆ ಸಾಮಾನ್ಯವಾಗಿ ಒಂದು ಸ್ಥಳದಲ್ಲಿ 14 ದಿನಕ್ಕಿಂತ ಹೆಚ್ಚು ನಿಲ್ಲದೆ ಮುಂದೆ ಮುಂದೆ ಸಾಗುತ್ತಿರಬೇಕು. ಹೀಗೆ ಸಾಗುತ್ತಿರುವವರಿಗೆ 2024ರ ಏಪ್ರಿಲಿನಿಂದ ಲೈಸೆನ್ಸಿನ ಮೇಲೆ ಹೆಚ್ಚುವರಿ ಶುಲ್ಕವೂ ಬಿದ್ದಿದೆ. ನೌಕರಿಯ ಊರಿಗೆ ಹತ್ತಿರವಿರುತ್ತಲೇ ನಿಯಮವನ್ನೂ ಪಾಲಿಸುವುದು ಇಬ್ಬರೂ ದುಡಿಯುವ ಮನೆಯಲ್ಲಿ ಸುಲಭವಲ್ಲ, ನಾಯಿಗೆ ಗುರುತಿನ ಡಾಕ್ಟರು ಇದ್ದ ಊರಿನಿಂದ ದೋಣಿ ದೂರವಾಗುತ್ತ ಹೋಗುವ ತೊಂದರೆಯೂ ಇದೆ.

ಇನ್ನು ಲ್ಯಾಬ್ರಡಾರ್. ಪಶುವೈದ್ಯನಾಗಿ ಹೇಳುವುದಾದರೆ ಈ ತಳಿಗೆ ನೀರಿನ ಭಯವಿಲ್ಲದಿರುವುದೇ ತೊಡಕು. ಬಾತುಕೋಳಿ ಕಂಡೊಡನೆ ಹಾರುತ್ತದೆ. ಈಜಲು ಬರುತ್ತದೆ, ಆದರೆ ಉಕ್ಕಿನ ತಗಡು ಹೊಡೆದ ನೆಟ್ಟನೆಯ ದಂಡೆಯನ್ನು ಹತ್ತಲು ಬರುವುದಿಲ್ಲ. ದೋಣಿಗೂ ದಂಡೆಗೂ ನಡುವೆ ಬಿದ್ದರಂತೂ ಅಷ್ಟು ಭಾರದ ಉಕ್ಕು ಅದನ್ನು ಒತ್ತಿಬಿಡಬಹುದು. ಬೆನ್ನಿನ ಮೇಲೆ ಹಿಡಿಕೆಯಿರುವ ಲೈಫ್ ಜಾಕೆಟ್ಟನ್ನು ನಾಯಿಗೆ ತೊಡಿಸುವುದು ಈ ಕಾರಣಕ್ಕೆ: ಹಿಡಿಕೆಗೆ ಕೈಹಾಕಿ ಒಂದೇ ಏಟಿಗೆ ಮೇಲೆತ್ತಬಹುದು. ನಾಯಿಯಾಗಲಿ ಮನುಷ್ಯರಾಗಲಿ ನೀರಿಗೆ ಬಿದ್ದರೆ ಚುಕ್ಕಾಣಿ ಹಿಡಿದವರು ಮಾಡಬೇಕಾದ ಮೊದಲ ಕೆಲಸ ಎಂಜಿನ್ನನ್ನು ನ್ಯೂಟ್ರಲ್‌ಗೆ ತರುವುದು, ಏಕೆಂದರೆ ಹಿಂಬದಿಯಲ್ಲಿ ತಿರುಗುತ್ತಿರುವ ಪ್ರೊಪೆಲರ್ ನೀರಿಗಿಂತ ದೊಡ್ಡ ಅಪಾಯ. ಲಾಕಿನ ಒಳಗೆ ಹೋಗುವಾಗ ನಾಯಿಯನ್ನು ಕೋಣೆಯೊಳಗೆ ಕೂಡಿಹಾಕುವುದು ಒಳ್ಳೆಯದು. ಅದರ ಹಗ್ಗವನ್ನು ದೋಣಿಗೋ ದಂಡೆಯ ಕಂಬಕ್ಕೋ ಕಟ್ಟಿಟ್ಟರೆ, ನೀರು ಇಳಿದಂತೆ ದೋಣಿಯೂ ಇಳಿದು, ನಾಯಿ ಕೊರಳಿನಿಂದ ನೇತಾಡುವ ಸಂಭವವಿದೆ.

ಇನ್ನೊಂದು ವಿಷಯವನ್ನು ಹರೆಯದವರು ಯೋಚಿಸುವುದಿಲ್ಲ. ದೋಣಿಯ ಎರಡೂ ತುದಿಗಳಲ್ಲಿ ಕಡಿದಾದ ಮೆಟ್ಟಿಲುಗಳಿವೆ, ಲ್ಯಾಬ್ರಡಾರಿಗೆ ವಯಸ್ಸಾದಂತೆ ಸೊಂಟದ ಕೀಲು ಸವೆಯುವುದು ಬಹಳ ಸಾಮಾನ್ಯ. ಮೂವತ್ತು ಕಿಲೋ ತೂಗುವ ನಾಯಿಯನ್ನು ದಿನಕ್ಕೆ ನಾಲ್ಕು ಸಲ ಎತ್ತಿ ಇಳಿಸಬೇಕಾದ ಕಾಲ ಬರುತ್ತದೆ. ದೋಣಿ ಕೊಳ್ಳುವ ಮುನ್ನ ಚಳಿಗಾಲದಲ್ಲಿಯೇ ಒಂದು ವಾರ ಬಾಡಿಗೆಯ ದೋಣಿಯಲ್ಲಿ ನಾಯಿಯೊಡನೆ ಇದ್ದು ನೋಡಲಿ. ಜೂನ್ ತಿಂಗಳಲ್ಲಿ ನೋಡಿ ಕೊಂಡವರೇ ಜನವರಿಯಲ್ಲಿ ಮಾರಲು ಹೊರಡುತ್ತಾರೆ.

ಪ್ರಶ್ನೆ: ಹೇಮಾವತಿ ನಾಲೆಯಲ್ಲೂ ಇಂಥ ದೋಣಿಗಳನ್ನು ಬಿಟ್ಟು ಪ್ರವಾಸಿಗರನ್ನು ಕರೆತರಬಹುದಲ್ಲವೇ?
— ರೈತರು, ಗೊರೂರು

ಉತ್ತರ: ಆಗದು. ಎರಡೂ ನಾಲೆಗಳೇ ಆದರೂ ಕಟ್ಟಿದ ಉದ್ದೇಶ ಬೇರೆ. ನಿಮ್ಮ ನಾಲೆ ಹೊಲಕ್ಕೆ ನೀರು ಹರಿಸಲೆಂದು ಇಳಿಜಾರಿನಲ್ಲಿ ತೋಡಿದ್ದು. ನೀರು ಸದಾ ಮುಂದಕ್ಕೆ ಓಡುತ್ತಿರುತ್ತದೆ, ನೆಲ ತಗ್ಗಾದಲ್ಲಿ ಧುಮುಕುತ್ತದೆ, ಬೆಳೆಯ ಕಾಲ ಮುಗಿದರೆ ನಿಂತೇ ಹೋಗುತ್ತದೆ. ದೋಣಿಯ ನಾಲೆಯಲ್ಲಿ ನೀರು ಮಟ್ಟಸವಾಗಿ ನಿಂತಿರಬೇಕು. ನೆಲ ಏರಿದಲ್ಲಿ, ಇಳಿದಲ್ಲಿ ಲಾಕು ಕಟ್ಟುತ್ತಾರೆ: ಎರಡು ತುದಿಗೂ ಗೇಟುಗಳಿರುವ ಕಲ್ಲಿನ ಕೋಣೆಯೊಳಗೆ ದೋಣಿಯನ್ನು ತಂದು ಹಿಂದಿನ ಗೇಟು ಮುಚ್ಚಿ, ಮೇಲಿನ ತೂಬನ್ನು ಎತ್ತಿದರೆ ನೀರು ತುಂಬಿ ದೋಣಿ ಏರುತ್ತದೆ, ಕೆಳಗಿನ ತೂಬನ್ನು ಎತ್ತಿದರೆ ಇಳಿಯುತ್ತದೆ. ತೂಬು ಎತ್ತಲು ಬೇಕಾದ, ತಿರುಗಿಸುವ ಹಿಡಿಕೆಯನ್ನು ದೋಣಿಯವರೇ ಇಟ್ಟುಕೊಂಡಿರುತ್ತಾರೆ. ನಮ್ಮಲ್ಲಿಯಂತೆ ತೂಬು ನೋಡಿಕೊಳ್ಳುವ ಸೌಡಿ ಬರಲಿ ಎಂದು ಕಾಯುವಂತಿಲ್ಲ. ಕಿರಿದಾದ ಲಾಕು ಒಂದು ಸಲ ಬರಿದಾದರೆ ಸುಮಾರು ಒಂದು ಲಕ್ಷ ಲೀಟರ್ ನೀರು ಕೆಳಗೆ ಹೋಗುತ್ತದೆ. ಅದನ್ನು ತುಂಬಿಕೊಡಲೆಂದು ಎತ್ತರದ ಜಾಗಗಳಲ್ಲಿ ಕೆರೆಗಳನ್ನು ಕಟ್ಟಿದ್ದಾರೆ. ಮಳೆ ಕೈಕೊಟ್ಟ ವರ್ಷ ಅಲ್ಲಿಯೂ ಕೆಲವು ನಾಲೆಗಳನ್ನು ಮುಚ್ಚುತ್ತಾರೆ. ನಮ್ಮ ದೇಶದಲ್ಲಿ ದೋಣಿಗೆಂದೇ ಮಾಡಿದ ನಾಲೆಗಳು ಇಲ್ಲದಿಲ್ಲ. ಆಂಧ್ರದಿಂದ ತಮಿಳುನಾಡಿನವರೆಗೆ ಕರಾವಳಿಯುದ್ದಕ್ಕೂ ಸಾಗುವ ಬಕಿಂಗ್‌ಹ್ಯಾಮ್ ಕಾಲುವೆ ಅಂಥದ್ದು, ಈಗ ಬಹುಪಾಲು ಹಾಳಾಗಿದೆ.

ನಾಯಿ ಸಾಕಿರುವ ರೈತರಿಗೆ ಇಲ್ಲೊಂದು ಮಾತು. ಸಿಮೆಂಟು ಹಾಕಿದ ನಾಲೆಯ ಓರೆ ಗೋಡೆ ಪಾಚಿಗಟ್ಟಿ ಜಾರುವುದರಿಂದ, ಹರಿವಿಗೆ ಸಿಕ್ಕ ನಾಯಿಯೋ ಕರುವೋ ಹತ್ತಿ ಬರಲಾಗದೆ ಸಾಯುತ್ತದೆ. ಅದರ ಹಿಂದೆ ನೀವು ಇಳಿಯಬೇಡಿ. ದಂಡೆಯ ಮೇಲಿನಿಂದಲೇ ಹಗ್ಗ ಹಾಕಿ, ಕೆಳಗೆ ಮೆಟ್ಟಿಲಿರುವ ಕಡೆಗೆ ಎಳೆದುಕೊಳ್ಳಲು ನೋಡಿ.

ಪ್ರಶ್ನೆ: ಮುಂದಿನ ವರ್ಷ ಓದಲು ಇಂಗ್ಲೆಂಡಿಗೆ ಹೋಗುವವನಿದ್ದೇನೆ. ನನ್ನ ಮುಧೋಳ ನಾಯಿಯನ್ನೂ ಕರೆದೊಯ್ದು, ಅಗ್ಗದ ದೋಣಿಯೊಂದನ್ನು ಕೊಂಡು ಅದರಲ್ಲಿಯೇ ಇರಬೇಕೆಂದಿದ್ದೇನೆ. ಏನು ಮಾಡಬೇಕು?
— ವಿದ್ಯಾರ್ಥಿ, ಚಿಕ್ಕಮಗಳೂರು

ಉತ್ತರ: ಬ್ರಿಟನ್ನಿನ ನಾಯಿಗಳಲ್ಲಿ 1922ರಿಂದೀಚೆಗೆ ರೇಬಿಸ್ ನೆಲೆಯೂರಿಲ್ಲವಾದ್ದರಿಂದ ಭಾರತದಂಥ ದೇಶದಿಂದ ಬರುವ ನಾಯಿಯ ವಿಷಯದಲ್ಲಿ ಅವರು ಬಹಳ ಬಿಗಿ. ಮೊದಲು ಮೈಕ್ರೋಚಿಪ್ ಹಾಕಿಸಬೇಕು, ಆಮೇಲೆ ರೇಬಿಸ್ ಲಸಿಕೆ. ಈ ಕ್ರಮ ತಪ್ಪಿದರೆ ಲಸಿಕೆ ಲೆಕ್ಕಕ್ಕೇ ಬರುವುದಿಲ್ಲ. ಲಸಿಕೆ ಹಾಕಿ ಕನಿಷ್ಠ 30 ದಿನ ಕಳೆದ ಮೇಲೆ ರಕ್ತ ತೆಗೆದು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳುಹಿಸಬೇಕು, ಫಲಿತಾಂಶ ಸರಿಯಾಗಿ ಬಂದರೆ ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಅಲ್ಲಿ ಇಳಿಯುವುದಕ್ಕೆ 24ರಿಂದ 120 ಗಂಟೆಗಳ ಮೊದಲು ಲಾಡಿಹುಳುವಿನ ಮಾತ್ರೆಯನ್ನು ವೈದ್ಯರೇ ನುಂಗಿಸಿ ದಾಖಲಿಸಬೇಕು. ವಿಮಾನದಲ್ಲಿ ನಾಯಿ ನಿಮ್ಮ ಪಕ್ಕದಲ್ಲಿ ಕೂರುವುದಿಲ್ಲ, ಸರಕಾಗಿ ಬರುತ್ತದೆ. ಕಾಗದಪತ್ರದಲ್ಲಿ ಲೋಪವಿದ್ದರೆ ನಿಮ್ಮ ಖರ್ಚಿನಲ್ಲಿ ಕ್ವಾರಂಟೈನ್. ಇಷ್ಟಕ್ಕೆಲ್ಲ ಆರು ತಿಂಗಳ ಮುಂಚೆಯೇ ತೊಡಗಬೇಕು.

ಮಾಡಬಹುದೆಂಬುದು ಇಷ್ಟು, ಮಾಡಬೇಕೇ ಎಂದು ಕೇಳಿದರೆ ಬೇಡವೆಂದೇ ನನ್ನ ಸಲಹೆ. ಮುಧೋಳ ಬಯಲುಸೀಮೆಯ ಬೇಟೆನಾಯಿ, ಮೈಯಲ್ಲಿ ಕೊಬ್ಬಿಲ್ಲ, ಕೂದಲು ಗಿಡ್ಡ. ಜನವರಿಯಲ್ಲಿ ಉಕ್ಕಿನ ದೋಣಿಯೊಳಗೆ ಒಲೆ ಆರಿದ ರಾತ್ರಿ ಅದಕ್ಕೆ ಹಿಂಸೆ. ಇಂಗ್ಲೆಂಡಿನ ದೋಣಿಗಳಲ್ಲಿ ಗ್ರೇಹೌಂಡ್ ಜಾತಿಯ ನಾಯಿಗಳು ಕೋಟು ಹಾಕಿಕೊಂಡು ಸುಖವಾಗಿರುವುದನ್ನು ನಾನೇ ನೋಡಿದ್ದೇನೆ, ಆದರೆ ಅವು ಅಲ್ಲಿಯೇ ಹುಟ್ಟಿ ಬೆಳೆದಂಥವು. ನಾಲೆಯ ದಂಡೆಯ ಆಚೆಗೆ ಕುರಿಗಳ ಹುಲ್ಲುಗಾವಲು ಇರುತ್ತದೆ. ಓಡುವುದನ್ನು ಕಂಡರೆ ಬೆನ್ನಟ್ಟುವುದು ಮುಧೋಳದ ರಕ್ತದಲ್ಲಿದೆ, ಕುರಿಗಳನ್ನು ಕಾಡುವ ನಾಯಿಯ ಒಡೆಯನನ್ನು ಶಿಕ್ಷಿಸುವ ಕಾಯಿದೆ 1953ರಿಂದ ಅಲ್ಲಿದೆ, ಬೇರೆ ದಾರಿಯಿಲ್ಲದಾಗ ಅಂಥ ನಾಯಿಯನ್ನು ಗುಂಡಿಟ್ಟು ಕೊಂದ ರೈತನಿಗೆ ಕಾನೂನಿನ ರಕ್ಷಣೆಯೂ ಇದೆ. ಓದಿಗೆಂದು ಹೋಗುವವರು ಹಗಲೆಲ್ಲ ತರಗತಿಯಲ್ಲಿರುತ್ತೀರಿ. ನಾಯಿಯನ್ನು ಊರಿನಲ್ಲಿ ಅಪ್ಪ ಅಮ್ಮನ ಬಳಿ ಬಿಟ್ಟು ಹೋಗಿ.

ಪ್ರಶ್ನೆ: ನಮ್ಮ ತೋಟದಲ್ಲಿ ನಾಯಿಗಳಿಗೆ ಉಣ್ಣೆ, ಇಲಿ ಜ್ವರ ಇವೆರಡರ ಕಾಟ. ಅಲ್ಲಿ ನಾಲೆಯ ಪಕ್ಕದ ನಾಯಿಗಳಿಗೆ ಯಾವ ಕಾಯಿಲೆಗಳು ಬರುತ್ತವೆ?
— ಕಾಫಿ ಬೆಳೆಗಾರರು, ಮೂಡಿಗೆರೆ

ಉತ್ತರ: ಇಲಿ ಜ್ವರ ಅಲ್ಲಿಯೂ ಇದೆ. ಇಲಿಯ ಮೂತ್ರ ಬೆರೆತ ನೀರಿನಿಂದ ಲೆಪ್ಟೋಸ್ಪೈರಾ ರೋಗಾಣು ನಾಯಿಗೂ ಮನುಷ್ಯರಿಗೂ ತಗಲುತ್ತದೆ. ನಾಯಿಗೆ ಪ್ರತಿ ವರ್ಷ ಲಸಿಕೆ ಹಾಕಿಸಬೇಕು, ನಾಲೆಯ ನೀರಿನಲ್ಲಿ ಕೈಯಾಡಿಸಿದವರು ಊಟಕ್ಕೆ ಮೊದಲು ಸೋಪು ಹಚ್ಚಿ ತೊಳೆಯಬೇಕು. ನಮ್ಮಲ್ಲಿ ಉಣ್ಣೆಯೆಂದರೆ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ನೆನಪಿಗೆ ಬರುತ್ತದೆ. ಅದು ಅಲ್ಲಿಲ್ಲ, ಅಲ್ಲಿಯ ಉಣ್ಣೆ ಹರಡುವುದು ಲೈಮ್ ಕಾಯಿಲೆಯನ್ನು. ದಂಡೆಯ ಹುಲ್ಲಿನಲ್ಲಿ ತಿರುಗಾಡಿ ಬಂದ ನಾಯಿಯ ಕಿವಿಯ ಹಿಂದೆ, ಕಾಲ್ಬೆರಳುಗಳ ಸಂದಿಯಲ್ಲಿ ಹುಡುಕುವ ಅಭ್ಯಾಸ ಎರಡೂ ಕಡೆ ಒಂದೇ. ಸಿಂಬಳದ ಹುಳುಗಳನ್ನು ನಾಯಿ ನುಂಗಿದರೆ ಶ್ವಾಸಕೋಶಕ್ಕೆ ಒಂದು ಬಗೆಯ ಹುಳು ಸೇರುತ್ತದೆ, ಅದಕ್ಕೆ ತಿಂಗಳಿಗೊಮ್ಮೆ ಔಷಧ ಹಾಕುತ್ತಾರೆ.

ನಾನು ಹೆಚ್ಚು ಹೆದರುವುದು ಬೇಸಿಗೆಯ ನೀಲಿಹಸಿರು ಪಾಚಿಗೆ. ನಿಂತ ನೀರು ಬಿಸಿಲಿಗೆ ಬೆಚ್ಚಗಾದಾಗ ಬಣ್ಣ ಕದಡಿದಂತೆ ತೇಲುವ ಇದರಲ್ಲಿ ಪಿತ್ತಜನಕಾಂಗಕ್ಕೂ ನರಗಳಿಗೂ ಎರಗುವ ವಿಷವಿರುತ್ತದೆ. ಈಜಿ ಬಂದು ಮೈ ನೆಕ್ಕಿಕೊಂಡರೂ ಸಾಕು, ವಾಂತಿ, ತೂರಾಟ, ಸೆಳವು ಶುರುವಾಗಿ ಕೆಲವೊಮ್ಮೆ ಗಂಟೆಯೊಳಗೆ ಸಾವು ಸಂಭವಿಸುತ್ತದೆ. ಇದಕ್ಕೆ ಪ್ರತಿವಿಷವಿಲ್ಲ, ಒಳ್ಳೆಯ ನೀರಿನಿಂದ ತೊಳೆದು ಆ ಕ್ಷಣವೇ ವೈದ್ಯರ ಬಳಿಗೆ ಒಯ್ಯಬೇಕು. ಬೇಸಿಗೆಯಲ್ಲಿ ನಮ್ಮ ಕೆರೆಗಳಲ್ಲಿಯೂ ಇಂಥ ಪಾಚಿ ಬರಬಹುದಾದ್ದರಿಂದ ತೋಟದ ಹೊಂಡದ ಮೇಲೂ ಕಣ್ಣಿಟ್ಟಿರಿ. ಇನ್ನೊಂದು, ಮೀನು ಹಿಡಿಯುವವರು ಬಿಟ್ಟುಹೋದ ಗಾಳ. ಎರೆಯ ವಾಸನೆಗೆ ಚಿನ್ನಿ ಒಮ್ಮೆ ಗಾಳವನ್ನೇ ನುಂಗಿ, ಬಾಯಿಂದ ದಾರ ಇಳಿಬಿಟ್ಟುಕೊಂಡು ಬಂದಿತ್ತು. ದಾರವನ್ನು ಎಳೆದರೆ ಗಾಳ ಅನ್ನನಾಳವನ್ನು ಸೀಳುತ್ತದೆ, ಕತ್ತರಿಸಿಬಿಟ್ಟರೆ ವೈದ್ಯರಿಗೆ ಹಿಡಿಯಲು ಸಿಗುವುದಿಲ್ಲ. ದಾರವನ್ನು ಕೊರಳಪಟ್ಟಿಗೆ ಸುತ್ತಿ ಹಾಗೆಯೇ ಕರೆದೊಯ್ಯಬೇಕು.

ಪ್ರಶ್ನೆ: ಸಂಕೋಚದಿಂದಲೇ ಕೇಳುತ್ತೇನೆ. ದೋಣಿಯಲ್ಲಿ ಕಕ್ಕಸಿನ ವ್ಯವಸ್ಥೆ ಹೇಗೆ?
— ಹೆಸರು ಬೇಡ, ಅರಸೀಕೆರೆ

ಉತ್ತರ: ಸಂಕೋಚ ಬೇಡ, ದೋಣಿಯವರು ಸೇರಿದಲ್ಲೆಲ್ಲ ಮಾತು ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತದೆ. ಕೆಲವರಲ್ಲಿ ದೊಡ್ಡ ತೊಟ್ಟಿಯಿದ್ದು ಅದನ್ನು ಯಂತ್ರದಿಂದ ಹೀರಿ ತೆಗೆಸುತ್ತಾರೆ. ಹಲವರಲ್ಲಿ ಹೊತ್ತೊಯ್ಯುವ ಡಬ್ಬಿ ಇರುತ್ತದೆ, ಅದನ್ನು ನಾಲೆಯ ದಂಡೆಯಲ್ಲಿ ಗೊತ್ತುಮಾಡಿದ ಜಾಗದಲ್ಲಿ ಸುರಿದು ತೊಳೆದು ತರಬೇಕು. ನಾಯಿಯದನ್ನು ಚೀಲದಲ್ಲಿ ಎತ್ತಿ ಕಸದ ತೊಟ್ಟಿಗೆ ಹಾಕಬೇಕು, ಬಿಟ್ಟುಬಂದರೆ ದಂಡ ತೆರಬೇಕಾದೀತು.

ಪ್ರಶ್ನೆ: ನನಗೆ 64 ವರ್ಷ. ಮ್ಯಾಂಚೆಸ್ಟರಿನಲ್ಲಿರುವ ಮಗನ ಮನೆಗೆ ನಾವು ದಂಪತಿ ಹೋಗುತ್ತಿದ್ದೇವೆ. ಅವನ ನಾಯಿಯನ್ನೂ ಕರೆದುಕೊಂಡು ಒಂದು ವಾರ ಬಾಡಿಗೆ ದೋಣಿಯಲ್ಲಿ ಸುತ್ತಬೇಕೆಂಬ ಆಸೆ. ಯಾವ ನಾಲೆ ಆಗಬಹುದು?
— ನಿವೃತ್ತ ಶಿಕ್ಷಕರು, ಕಡೂರು

ಉತ್ತರ: ಸರ್, ವೇಲ್ಸಿನ ಗಡಿಯಲ್ಲಿರುವ ಲ್ಯಾಂಗೋಲೆನ್ ನಾಲೆಯನ್ನು ನೋಡಿ. ಬಾಡಿಗೆಯ ದೋಣಿ ನಡೆಸಲು ಅಲ್ಲಿ ಲೈಸೆನ್ಸ್ ಬೇಕಿಲ್ಲ, ಹೊರಡುವ ಮುನ್ನ ಅವರೇ ಹೇಳಿಕೊಡುತ್ತಾರೆ. ನಾಯಿಗೆ ಅನುಮತಿಯಿದೆಯೇ, ಅದಕ್ಕೆ ಬೇರೆ ಹಣವೇ ಎಂಬುದನ್ನು ಮಾತ್ರ ಕಾದಿರಿಸುವಾಗಲೇ ಕೇಳಿ. ಲ್ಯಾಂಗೋಲೆನ್ ಊರಿನಿಂದ ಎಲ್ಸ್‌ಮಿಯರ್ ಎಂಬಲ್ಲಿಯವರೆಗೆ ಸಿಗುವುದು ಎರಡೇ ಲಾಕುಗಳಾದ್ದರಿಂದ ನಿಮ್ಮ ವಯಸ್ಸಿನವರಿಗೆ ತೋಳು ಸೋಲುವುದಿಲ್ಲ. ಮಗ ಚುಕ್ಕಾಣಿ ಹಿಡಿದರೆ ನೀವು ನಾಯಿಯೊಡನೆ ದಂಡೆಯ ಮೇಲೆ ನಡೆಯುತ್ತಲೇ ದೋಣಿಯ ಜೊತೆಗೆ ಸಾಗಬಹುದು. ಅದಕ್ಕಿಂತ ಹಿತವಾದ ಪ್ರಯಾಣ ನಾನು ಕಂಡಿಲ್ಲ.

ದಾರಿಯಲ್ಲಿ ಪಾಂಟ್‌ಕಸಿಲ್ಟೆ ಮೇಲ್ಗಾಲುವೆ ಸಿಗುತ್ತದೆ. ಥಾಮಸ್ ಟೆಲ್ಫರ್ಡ್ ಮತ್ತು ವಿಲಿಯಂ ಜೆಸಪ್ ಕಟ್ಟಿಸಿ 1805ರಲ್ಲಿ ತೆರೆದ ಇದು ಡೀ ನದಿಯ ಮೇಲೆ 38 ಮೀಟರ್ ಎತ್ತರದಲ್ಲಿ ಎರಕದ ಕಬ್ಬಿಣದ ತೊಟ್ಟಿಯೊಳಗೆ ನಾಲೆಯನ್ನು 307 ಮೀಟರ್ ದೂರ ಹೊತ್ತೊಯ್ಯುತ್ತದೆ. 2009ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಕಾಲುದಾರಿಯಿರುವ ಬದಿಯಲ್ಲಿ ಕಂಬಿಗಳಿವೆ, ಇನ್ನೊಂದು ಬದಿಯಲ್ಲಿ ಏನೂ ಇಲ್ಲ, ತೊಟ್ಟಿಯ ಅಂಚಿನಿಂದಾಚೆಗೆ ನೇರ ಪಾತಾಳ. ಅಲ್ಲಿಗೆ ಬರುವ ಮೊದಲೇ ನಾಯಿಯನ್ನು ಒಳಗೆ ಹಾಕಿ ಎರಡೂ ತುದಿಯ ಬಾಗಿಲು ಮುಚ್ಚಿ, ಅಥವಾ ಗಿಡ್ಡ ಹಗ್ಗ ಹಿಡಿದು ಕಾಲುದಾರಿಯ ಮೇಲೆ ನಡೆಸಿ. ಚಾವಣಿಯ ಮೇಲೆ ಕೂರಿಸಬೇಡಿ. ಡೀ ನದಿಯ ನೀರನ್ನು ಕೆಳಗಿನ ಜಲಾಶಯಕ್ಕೂ ಸಾಗಿಸುವ ನಾಲೆಯಾದ್ದರಿಂದ ಇದೊಂದರಲ್ಲಿ ಅಲ್ಪಸ್ವಲ್ಪ ಹರಿವಿದೆ. ಲ್ಯಾಂಗೋಲೆನ್ ಕಡೆಗೆ ಹೋಗುವಾಗ ಎದುರು ನೀರು, ಹೊತ್ತು ಹೆಚ್ಚು ಹಿಡಿಯುತ್ತದೆ. ದೋಣಿ ಒಪ್ಪಿಸುವ ದಿನವನ್ನು ಲೆಕ್ಕ ಹಾಕುವಾಗ ಅದನ್ನು ಗಮನದಲ್ಲಿಡಿ.